ಕಿಟಕಿಯ ಹೊರಗಿನ ಶ್ರುತಿ

ನಾನು ಒಂದು ಬೇಸ್ ವಯಲ್. ನಿಮ್ಮ ಸಂಗೀತ ಕಛೇರಿಯ ಪಿಟೀಲಿಗೆ ದೊಡ್ಡಣ್ಣ ಅಂದುಕೊಳ್ಳಿ. ಕುರ್ಚಿಯಲ್ಲಿ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ಅಮೆರಿಕ ಇನ್ನೂ ಹೊಸ ದೇಶವಾಗಿದ್ದಾಗ ನ್ಯೂ ಹ್ಯಾಂಪ್‌ಶೈರಿನ ಒಂದು ಹಳ್ಳಿಯಲ್ಲಿ ಸೈಲಸ್ ವಿಟ್ಕಂಬ್ ನನ್ನನ್ನು ಮಾಡಿದ. ಅವನ ಕಸುಬು ಕುರ್ಚಿ ಮಾಡುವುದು. ಇಂಥ ವಾದ್ಯವನ್ನು ಬಾಸ್ಟನ್ನಿನಲ್ಲಿ ಒಮ್ಮೆ ದೂರದಿಂದ ಕಂಡಿದ್ದನಷ್ಟೆ. ಹಾಗಾಗಿ ನನ್ನ ಹೊಟ್ಟೆ ಅಳತೆ ಮೀರಿತು. ಊರವರು ನಕ್ಕರು. ನಾನಂತೂ ನಾಚಿಕೊಳ್ಳಲಿಲ್ಲ, ನನ್ನ ದನಿ ಇರುವುದೇ ಅಲ್ಲಿ.

ಅವನು ನನ್ನನ್ನು ಮಾಡಿದ್ದು ಚರ್ಚಿಗಾಗಿ. ಅಲ್ಲಿ ಸಭೆಯ ಹಿರಿಯ ಅಮೋಸ್ ಕೀರ್ತನೆಯ ಒಂದೊಂದೇ ಸಾಲು ಹೇಳಿಕೊಡಬೇಕು, ಜನ ಅದನ್ನು ಹಾಡಬೇಕು. ಅಮೋಸ್ ಪ್ರತಿಸಲವೂ ಶ್ರುತಿಯನ್ನು ಆಕಾಶಕ್ಕೇರಿಸುತ್ತಿದ್ದ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಹೆಂಗಸರ ದನಿ ಒಡೆಯುತ್ತಿತ್ತು, ಗಂಡಸರು ಬರೀ ಬಾಯಾಡಿಸುತ್ತಿದ್ದರು. ಕೆಳಗಿನಿಂದ ಒಂದು ಗಟ್ಟಿ ಶ್ರುತಿ ಸಿಕ್ಕರೆ ಊರು ನೆಟ್ಟಗೆ ಹಾಡೀತು ಎಂಬುದೊಂದೇ ಸೈಲಸನ ಆಸೆ.

ಸೈಲಸ್ ನನ್ನನ್ನು ಹೊತ್ತು ಚರ್ಚಿಗೆ ಬಂದಾಗ ಬಾಗಿಲಲ್ಲೇ ಅಮೋಸ್ ಅಡ್ಡ ನಿಂತ. "ಇದು ಹೆಂಡದಂಗಡೀಲಿ ಕುಣಿಸೋ ಪಿಟೀಲು. ದೇವರ ಆಲಯಕ್ಕೆ ತರ್ಬೇಡ."

"ಆಗ್ಲಿ ಹಿರಿಯರೇ," ಎಂದು ಸೈಲಸ್ ಹೊರಗೆ ಕಿಟಕಿಯ ಕೆಳಗೆ ಕುರ್ಚಿ ಹಾಕಿ ಕೂತ. ಒಳಗೆ ಅಮೋಸ್ ಎಂದಿನಂತೆ ಏರಿಸಿ ಹಿಡಿದ, ಜನ ಎಂದಿನಂತೆ ತಡವರಿಸಿದರು. ಆಗ ನನ್ನ ದಪ್ಪ ತಂತಿಯ ಮೇಲೆ ಸೈಲಸ್ ಕಮಾನು ಎಳೆದ. ಹಾಡು ನಿಂತಿತು. ಆಮೇಲೆ ಯಾರೋ ಒಬ್ಬಾಕೆ ನನ್ನ ಶ್ರುತಿ ಹಿಡಿದಳು. ಅವಳ ಹಿಂದೆ ಇಡೀ ಸಭೆ ಬಂತು. ನನಗೆ ಹೇಳತೀರದ ಹೆಮ್ಮೆಯಾಯಿತು.

ಅಮೋಸ್ ಧುಮುಗುಡುತ್ತ ಹೊರಬಂದ.

"ನಾನು ಒಳಗೆ ಬಂದಿಲ್ವಲ್ಲ," ಎಂದ ಸೈಲಸ್, ಕಮಾನು ನಿಲ್ಲಿಸದೆ. "ದನಿ ಬಂದ್ರೆ ಅದನ್ನ ನೀವೇ ತಡೀರಿ."

ಅಮೋಸ್ ಕಿಟಕಿ ಮುಚ್ಚಿಸಿದ. ಬೇಸಿಗೆಯ ಸೆಕೆ, ಹೆಂಗಸರೇ ಎದ್ದು ತೆರೆದರು. ಚಳಿಗಾಲ ಬಂತು. ಸೈಲಸನಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಅವನು ಕಿವಿಗೆ ಹಾಕಿಕೊಳ್ಳದೆ ಹಿಮದಲ್ಲೇ ಕುರ್ಚಿ ಹಾಕಿದ. ಒಂದು ಭಾನುವಾರ ಹಾಡಿನ ನಡುವೆಯೇ ಚಳಿಗೆ ನನ್ನ ಎದೆ ಚಟ್ಟನೆ ಸೀಳಿಹೋಯಿತು. ಒಳಗಿನವರಿಗೂ ಕೇಳಿಸಿತು. ಸೈಲಸನ ಕಣ್ಣಲ್ಲಿ ನೀರು ಬಂತು, ಆದರೂ ಸಾಲು ಮುಗಿಯುವ ತನಕ ಬಾರಿಸಿದ. ಅಮೋಸ್ ಬಾಗಿಲು ತೆರೆದು ನಮ್ಮಿಬ್ಬರನ್ನೂ ನೋಡಿದ.

"ಒಳಗೆ ತಗೊಂಡ್ ಬಾ. ಚಳೀಲಿ ಮರ ಹಾಳಾಗತ್ತೆ."

"ನಾನು ಬರ್ಲೋ ಬೇಡ್ವೋ?"

"ನೀನೂ ಬಾ ಮಾರಾಯ. ಬಾರಿಸೋರಿಲ್ದೆ ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

ನಾವು ಎದುರು ಬಾಗಿಲಿಂದಲೇ ಒಳಗೆ ಹೋದೆವು. ಸೈಲಸ್ ಸೀಳಿಗೆ ಸರೇಸಿನ ಅಂಟು ಹಚ್ಚಿ ಬಿಗಿದ. ಅವನಿರುವ ತನಕ ಊರು ನನ್ನ ಶ್ರುತಿಗೇ ಹಾಡಿತು, ಅಮೋಸನೂ ಸೇರಿ.

ಈಗ ಸೈಲಸ್ ಇಲ್ಲ. ಚರ್ಚಿಗೆ ಸಾಲು ಕೊಳವೆಗಳ ದೊಡ್ಡ ಆರ್ಗನ್ ಬಂದಿದೆ. ನನ್ನ ತಂತಿ ಬಿಚ್ಚಿ, ಆರ್ಗನ್ನಿನ ಹಿಂದಿನ ಕತ್ತಲೆ ಮೂಲೆಗೆ ತಳ್ಳಿದ್ದಾರೆ. ಆದರೆ ಆರ್ಗನ್ ತಗ್ಗು ಸ್ವರಕ್ಕೆ ಇಳಿದಾಗಲೆಲ್ಲ ನನ್ನ ಮೈಯೂ ಗುಂಯ್ ಎನ್ನುತ್ತದೆ. ಆ ಸದ್ದು ಎಲ್ಲಿಂದ ಬಂತೆಂದು ನುಡಿಸುವವನು ಕೊಳವೆಗಳನ್ನೆಲ್ಲ ಬಿಚ್ಚಿ ಹುಡುಕುತ್ತಾನೆ. ಹುಡುಕಲಿ. ಸುಮ್ಮನಿರುವುದನ್ನು ಸೈಲಸ್ ನನಗೆ ಕಲಿಸಲಿಲ್ಲ.