ಎಡಕ್ಕೆ ಕಳ್ಳ ಮೊಲ, ಬಲಕ್ಕೆ ಅಸಲಿ

ಹಿರಿಸೊಸೆಗೆ ಮೊದಮೊದಲು ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಗೆರೆ ನೆಟ್ಟಗೆ ಎಳೆಯಲು ಬಾರದ ಹುಡುಗಿ, ಪಾಪ. ಕೈಲಾಗದವರನ್ನು ಕಂಡರೆ ಪ್ರೀತಿ ಉಕ್ಕುವುದೇನೂ ದೊಡ್ಡ ವಿಷಯವಲ್ಲ.

ಹಿರಿಯವಳ ಕಸುಬು ಹಳೆ ಗೊಂಬೆಗಳಿಗೆ ಹೊಸ ಮುಖ ಬರೆಯುವುದು. ಗುಜರಿಯಲ್ಲಿ ಸಿಕ್ಕ ಪ್ಲಾಸ್ಟಿಕ್ ಮೊಲದ ಮುಖವನ್ನು ಉಗುರುಬಣ್ಣ ತೆಗೆಯುವ ದ್ರಾವಣದಿಂದ ಉಜ್ಜಿ ಬೋಳು ಮಾಡುವಳು, ನೆತ್ತಿಗೆ ಇನ್ನೊಂದು ಕಿವಿ ಅಂಟಿಸುವಳು, ಆಮೇಲೆ ಉಸಿರು ಬಿಗಿಹಿಡಿದು ಕಣ್ಣು ಬರೆಯುವಳು. ಮಕ್ಕಳೆಲ್ಲ ಟೀವಿಯಲ್ಲಿ ಬಾಯಿಬಿಟ್ಟುಕೊಂಡು ನೋಡುವ ಮೂರು ಕಿವಿಯ ಮೊಲ ತಯಾರ್! ಅಸಲಿಯ ಪಕ್ಕದಲ್ಲಿಟ್ಟರೆ ಆ ಮೊಲದ ಕಂಪನಿಯವರೇ ತಬ್ಬಿಬ್ಬಾಗಬೇಕು ಎಂಬುದು ಅವಳ ಜಂಬ. ಭಾನುವಾರದ ಮಾರುಕಟ್ಟೆಯಲ್ಲಿ ಅವಳದೊಂದು ಮೇಜಿತ್ತು, ಆ ಮೇಜೇ ಅವಳ ಲೋಕ.

ಓರಗಿತ್ತಿ ಕಲಿಸಿಕೊಡಿ ಎಂದಳು, ಇವಳು ಕಲಿಸಿದಳು. ಹುಡುಗಿಯ ಮೊದಲ ಮೊಲಕ್ಕೆ ಒಂದು ಕಣ್ಣು ಅರೆಮುಚ್ಚಿತ್ತು, ಬಾಯಿ ಆಕಳಿಸುತ್ತಿತ್ತು. ಮೂರನೇ ಕಿವಿ ಎಷ್ಟು ಅಂಟಿಸಿದರೂ ಕಳಚಿ ಬೀಳುತ್ತಿದ್ದುದರಿಂದ ಅದರ ಗೊಡವೆಯನ್ನೇ ಬಿಟ್ಟು, ಕಂಕುಳಿಗೊಂದು ಪುಟ್ಟ ದಿಂಬು ಸಿಕ್ಕಿಸಿದ್ದಳು.

"ಹೆತ್ತವರಿಗೆ ಹೆಗ್ಗಣ ಮುದ್ದು, ಮೇಜಿನ ಮೂಲೇಲಿ ಇಟ್ಕೊ ಹೋಗು," ಎಂದು ಹಿರಿಯವಳು ನಕ್ಕಳು.

ಮೂಲೆಯದ್ದೇ ಮೊದಲು ಖರ್ಚಾಯಿತು. ಬರಬರುತ್ತ ಜನ ಬಂದವರೇ "ಆಕಳಿಸೋ ಮೊಲ ಇದೆಯಾ?" ಎಂದು ಕೇಳತೊಡಗಿದರು. ಹಿರಿಯವಳ ಮೊಲಗಳು ಸಾಲಾಗಿ ಕಿವಿ ನಿಮಿರಿಸಿಕೊಂಡು ಕೂತೇ ಇದ್ದವು. ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಇಷ್ಟು ವರ್ಷದಲ್ಲಿ ಇವಳ ಒಂದು ಗೊಂಬೆಯನ್ನೂ ಕೈಯಲ್ಲಿ ಹಿಡಿಯದ ಅತ್ತೆ, ಅಂಥದೇ ಒಂದು ಸೊಟ್ಟಮೂತಿಯನ್ನು ತನ್ನ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದನ್ನು ಕಂಡ ದಿನ ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಕಂಪನಿಯ ವೆಬ್‌ಸೈಟಿನಲ್ಲಿ ಒಂದು ಸಾಲಿತ್ತು: ನಮ್ಮ ಮೊಲವನ್ನು ಅನುಮತಿಯಿಲ್ಲದೆ ಯಾರಾದರೂ ಮಾರುತ್ತಿದ್ದರೆ ತಿಳಿಸಿ. ಅವಳು ಅದನ್ನು ಎಷ್ಟೋ ಸಲ ಓದಿದ್ದಳು, ತನಗೆ ಹೇಳಿದ್ದೆಂದು ಒಮ್ಮೆಯೂ ಅನಿಸಿರಲಿಲ್ಲ. ತಾನು ಇದ್ದದ್ದನ್ನು ಇದ್ದ ಹಾಗೆ ಬರೆಯುವವಳು, ಅಂದರೆ ಭಕ್ತೆ. ಕಂಪನಿಯ ಮೊಲದ ಮೂತಿ ಕೆಡಿಸಿ ಮಾರುವವಳು ಕಳ್ಳಿ. ಹೊಟ್ಟೆಕಿಚ್ಚಿಗೆ ನ್ಯಾಯದ ಅಂಗಿ ತೊಡಿಸುವುದಕ್ಕೆ ಎಷ್ಟು ಹೊತ್ತು ಬೇಕು? ದೂರು ಬರೆದಳು. ಹೋಲಿಸಿ ನೋಡಲು ಅಸಲಿ ಮೊಲದ ಫೋಟೋ ಬೇಕಲ್ಲ, ಅದಕ್ಕೆ ಅಂಗಡಿಗೇಕೆ ಹೋಗಬೇಕು, ತನ್ನದೇ ಇದೆಯಲ್ಲ! ಎರಡನ್ನೂ ಅಕ್ಕಪಕ್ಕ ಕೂರಿಸಿ ಫೋಟೋ ತೆಗೆದು ಕೆಳಗೆ ಬರೆದಳು: ಎಡಕ್ಕೆ ಕಳ್ಳ ಮೊಲ, ಬಲಕ್ಕೆ ಅಸಲಿ.

ಫೋನ್ ಬಂದದ್ದು ಮಾರುಕಟ್ಟೆಯಲ್ಲಿದ್ದಾಗ. ಹಿರಿಯವಳ ಕೈಯೆಲ್ಲ ಬಣ್ಣವಾಗಿತ್ತು, ಓರಗಿತ್ತಿಯೇ ಫೋನ್ ಎತ್ತಿ ಸ್ಪೀಕರಿಗೆ ಹಾಕಿದಳು.

"ಮೇಡಂ, ಮೊಲದ ಕಂಪನಿಯ ವಕೀಲೆ ಮಾತಾಡ್ತಿರೋದು. ನಿಮ್ಮ ದೂರು ನೋಡಿದ್ವಿ. ಎಡಗಡೆ ಆಕಳಿಸ್ತಿರೋದು ನಮ್ಮದಲ್ಲ. ಮುಖವೇ ಬೇರೆ, ಕಿವಿನೂ ಎರಡೇ. ಅದು ಮಾಡಿದವರದ್ದೇ ಕಲ್ಪನೆ, ನಾವು ಕೇಳೋ ಹಾಗಿಲ್ಲ."

ಓರಗಿತ್ತಿ ತಲೆಯೆತ್ತಿ ಹಿರಿಯವಳನ್ನು ನೋಡಿದಳು.

"ಬಲಗಡೆದು ನಮ್ಮ ಕಾರ್ಖಾನೇದಲ್ಲ, ಆದ್ರೆ ಮುಖ ನಮ್ದೇ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ ಅಂತ ನಮ್ಮ ಚಿತ್ರಕಾರರೇ ಬೆರಗಾದ್ರು. ಯಾರು ಮಾಡಿದ್ದು ಮೇಡಂ?"

ಇಂಥ ಮಾತಿಗಾಗಿ ಹಿರಿಯವಳು ಎಷ್ಟು ವರ್ಷ ಕಾದಿದ್ದಳೋ. "ನಾನೇ!" ಎಂದುಬಿಟ್ಟಳು.

"ಮಾರ್ತೀರಾ?"

"ಮತ್ತೆ? ವಾರ ವಾರ!"

"ಹಾಗಾದ್ರೆ ನಿಲ್ಲಿಸಬೇಕಾಗುತ್ತೆ ಮೇಡಂ. ಅಭಿಮಾನಕ್ಕೆ ಮನೇಲಿ ಇಟ್ಕೊಳ್ಳಿ. ಆ ಮುಖ ಮಾರೋದಕ್ಕೆ ನಮ್ಮ ಅನುಮತಿ ಬೇಕು. ಇವತ್ತೇ ಮೇಜಿಂದ ತೆಗೀರಿ, ಇಲ್ಲಾಂದ್ರೆ ನೋಟಿಸ್ ಕಳಿಸ್ತೀವಿ."

ಓರಗಿತ್ತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೂರು ಕಿವಿಯ ಮೊಲಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬುತ್ತ, "ಒಂದು ಜಗಳ ಆಡಿದ್ರೆ ಆಗ್ತಿತ್ತಲ್ಲ, ಅಕ್ಕ," ಎಂದಳು. ಖಾಲಿ ಮೇಜಿನ ಮೇಲೆ ಬೋಳು ಮುಖದ ಮೊಲವೊಂದನ್ನು ಅವಳತ್ತ ಸರಿಸಿದಳು. "ತಗೊಳ್ಳಿ. ಇದಕ್ಕೆ ನಿಮ್ಮದೇ ಒಂದು ಮುಖ ಬರೀರಿ. ಆಗ ಯಾರೂ ಕೇಳಲ್ಲ."

ಅವಳಿಗೆ ಬಂದದ್ದು ತನಗೆ ಬಾರದೇ? ಹಿರಿಯವಳು ಕುಂಚ ಅದ್ದಿದಳು. ಬೇಕೆಂದೇ ಸೊಟ್ಟಗೆ ಶುರುಮಾಡಿದಳು, ಕೈ ತಾನಾಗಿ ನೆಟ್ಟಗಾಯಿತು. ನೋಡಿದರೆ ಕಂಪನಿಯ ಕಣ್ಣು, ರೆಪ್ಪೆ ಸಮೇತ. ಒರೆಸಿ ಮತ್ತೆ ಬರೆದಳು. ಮತ್ತೆ ಅದೇ ಕಣ್ಣು. ಎದುರಿಗೆ ಓರಗಿತ್ತಿ ಏನೋ ಗುನುಗುತ್ತ, ಯಾರೂ ಎಂದೂ ಕಂಡಿರದ ಮುಖವೊಂದನ್ನು ಅಂಕುಡೊಂಕಾಗಿ ಬರೆಯುತ್ತಿದ್ದಳು. ಆ ಕೈಯನ್ನು ನೋಡಿದಾಗ ಹಿರಿಯವಳಿಗೆ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯಿತು.

"ಆಯ್ತಾ, ಅಕ್ಕ?" ಎಂದು ಅವಳು ತಲೆಯೆತ್ತದೆ ಕೇಳಿದಳು.

"ಇನ್ನೂ ಇಲ್ಲ," ಎಂದು ಹಿರಿಯವಳು ಮತ್ತೆ ದ್ರಾವಣದ ಸೀಸೆಗೆ ಕೈ ಚಾಚಿದಳು.