ಎರಡು ಬೆರಳು ಬಿಗಿ

ಹನ್ನೆರಡು ವರ್ಷ ವಿಮಾನ ಹಾರಿಸುವವರಿಗೆ ಅಂಗಿ ಹೊಲಿದವಳು ನಾನು. ಮಾಸ್ಕೋದ ಈ ಸಂಸ್ಥೆಗೆ ವರ್ಗವಾದಾಗ, ಇನ್ನು ಮೇಲೆ ನಾಯಿಗಳಿಗೆ ಹೊಲಿಯಬೇಕು ಎಂದರು. ಯಾಕೆ ಎಂದು ಕೇಳುವ ಕಾಲವಲ್ಲ, ಟೇಪು ಹಿಡಿದು ಹೋದೆ. ಎಲ್ಲವೂ ರಾಕೆಟ್ಟಿನಲ್ಲಿ ಮೇಲೆ ಕಳಿಸಲೆಂದು ಬೀದಿಯಿಂದ ಹಿಡಿದು ತಂದ ನಾಯಿಗಳು. ಚಳಿ, ಹಸಿವು, ಒದೆ ಎಲ್ಲಕ್ಕೂ ಒಗ್ಗಿದವು ರಾಕೆಟ್ಟಿಗೂ ಒಗ್ಗುತ್ತವೆ ಎಂದು ದೊಡ್ಡವರ ಎಣಿಕೆ.

ಅವುಗಳಲ್ಲಿ ಕಂದು ಕಿವಿಯ ಕ್ನೋಪ್ಕಾ ನನ್ನ ಹೊಲಿಗೆ ಯಂತ್ರದ ಕೆಳಗೇ ಮಲಗುತ್ತಿತ್ತು. ಗಂಡ ಯುದ್ಧದಲ್ಲಿ ಹೋದ ಮೇಲೆ ನನ್ನದು ಅನ್ನುವ ಜೀವ ಅದೊಂದೇ. ಜುಲೈಯಲ್ಲಿ ಹಾರುವ ನಾಯಿಯ ಹೆಸರನ್ನು ಗೋಡೆಗೆ ಅಂಟಿಸಿದರು: ಕ್ನೋಪ್ಕಾ. ಹಿಂದಿನ ಸಲ ಹೋದ ಎರಡರಲ್ಲಿ ಒಂದೇ ಜೀವಂತ ಇಳಿದಿತ್ತು. ನನಗೆ ಹೆದರಿಕೆಯಾಯಿತು.

ಎದೆಯ ಸುತ್ತಳತೆಯನ್ನು ಎರಡು ಬೆರಳು ಕಡಿಮೆ ಬರೆದುಕೊಂಡು ಅಂಗಿ ಹೊಲಿದೆ. ಅಂಗಿ ಹಿಡಿಸದಿದ್ದರೆ ಬಿಚ್ಚಿ ಹೊಲಿಯಲು ಹದಿನೈದು ದಿನ ಬೇಕು, ಅಷ್ಟರಲ್ಲಿ ಹಾರಾಟ ಮುಂದಕ್ಕೆ ಹೋದೀತು ಎಂಬ ಆಸೆ. ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ.

ಆದರೆ ನಮ್ಮ ಕಚೇರಿಗಳ ರೀತಿ ನನಗೆ ಗೊತ್ತಿರಬೇಕಿತ್ತು. ಸಮಿತಿಯವರು ಅಂಗಿಯನ್ನು ನಾಯಿಯ ಮೈಮೇಲಲ್ಲ, ಮೇಜಿನ ಮೇಲೆ ಹರಡಿ ನೋಡಿದರು. ಪಟ್ಟಿ ಎಳೆದರು, ಕೊಂಡಿ ಜಗ್ಗಿದರು, ಮೂರು ಸಹಿ ಹಾಕಿ ಮೊಹರು ಒತ್ತಿದರು. ತೊಡಿಸಿ ನೋಡಿದ್ದು ಮಾರನೆಯ ದಿನ.

ನಾಯಿಗಳ ವೈದ್ಯ ಅರ್ಸೇನಿ ಲುಕಿಚ್ ಕೊಂಡಿ ಹಾಕಲು ಮೂರು ಸಲ ಹೆಣಗಿ ಕೈಬಿಟ್ಟರು.

"ಗ್ಲಾಫಿರಾ ಪೆತ್ರೋವ್ನಾ, ಬಿಗಿ ಆಯ್ತಲ್ರೀ ಇದು."

"ಬಿಚ್ಚಿ ಹೊಲೀತೀನಿ."

"ಮೊಹರು ಬಿದ್ದಿರೋದನ್ನ ಬಿಚ್ಚೋಕೆ ನಂಗೇನು ಎರಡು ತಲೆ ಇದ್ಯಾ? ಅಂಗಿ ಬದಲಾಯ್ಸೋಕೆ ಮತ್ತೆ ಸಮಿತಿ ಕೂರ್ಬೇಕು. ನಾಯಿ ಬದಲಾಯ್ಸೋಕಾದ್ರೆ ನನ್ನ ಸಹಿ ಸಾಕು."

ಒಂದೊಂದೇ ನಾಯಿಗೆ ತೊಡಿಸುತ್ತ ಬಂದರು. ಆರನೆಯದು ವೇಕ್ಷಾ ಎಂಬ ಬಿಳಿ ಪೀಚು ನಾಯಿ. ಅದರ ಅಳತೆಗೇ ಹೊಲಿದಂತೆ ಅಂಗಿ ಕೂತಿತು. ಅದುವರೆಗೆ ನಾನು ವೇಕ್ಷಾವನ್ನು ಸರಿಯಾಗಿ ನೋಡಿರಲೂ ಇಲ್ಲ. ಹೊಸ ಅಂಗಿಯ ಖುಷಿಗೆ ಬಾಲ ಅಲ್ಲಾಡಿಸುತ್ತಿತ್ತು. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ನನ್ನನ್ನು ಜೈಲಿಗೆ, ಕ್ನೋಪ್ಕಾವನ್ನು ರಾಕೆಟ್ಟಿಗೆ ಕಳಿಸುತ್ತಿದ್ದರು.

ಅಂಗಿ ತೊಡಿಸಲೆಂದು ಹುಲ್ಲು ಬಯಲಿನ ಉಡಾವಣಾ ಜಾಗಕ್ಕೆ ನನ್ನನ್ನೂ ಕರೆದೊಯ್ದರು. ಪ್ರಯಾಣಕ್ಕೆ ಮುಂಚೆ ಹೋಗುವವರೂ ಕಳಿಸುವವರೂ ಒಂದು ಗಳಿಗೆ ಮಾತಿಲ್ಲದೆ ಕೂರಬೇಕೆಂಬುದು ನಮ್ಮಲ್ಲಿ ಹಳೆಯ ರೂಢಿ. ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಭಾಷಣ ಮಾಡುವ ಅಲ್ಲಿನ ಕರ್ನಲ್ಲನೂ ಒಂದು ಪೆಟ್ಟಿಗೆಯ ಮೇಲೆ ಕೂತ. ವೇಕ್ಷಾ ಯಾರೂ ಹೇಳದೆ ನನ್ನೆದುರು ಕೂತಿತು. ಕೊನೆಯ ಕೊಂಡಿ ಹಾಕುವಾಗ ನನ್ನ ಬೆರಳು ನೆಕ್ಕಿತು. ನಾನು ಮುಖ ತಿರುಗಿಸಿಕೊಂಡೆ.

ಪ್ಯಾರಾಚೂಟು ಬಿಚ್ಚಿಕೊಳ್ಳಲಿಲ್ಲ.

ವಾರ ಕಳೆದು ಅಂಗಿ ಪರೀಕ್ಷೆಗೆಂದು ನನ್ನ ಮೇಜಿಗೆ ಬಂತು. ಅರ್ಸೇನಿ ಲುಕಿಚ್ ಪಕ್ಕದಲ್ಲೇ ನಿಂತು ಅದನ್ನು ತಿರುವಿ ಹಾಕಿದರು.

"ಒಂದು ಹೊಲಿಗೇನೂ ಬಿಟ್ಟಿಲ್ಲ ನೋಡಿ," ಎಂದರು. ಅದನ್ನು ಹೊಗಳಿಕೆಯೆಂದು ವರದಿಯಲ್ಲೂ ಬರೆದರು.

ಸೆಪ್ಟೆಂಬರಿನ ಹಾರಾಟಕ್ಕೆ ಹೊಸ ಚೀಟಿ ಅಂಟಿಸಿದರು: ಕ್ನೋಪ್ಕಾ. ನಾನು ಟೇಪು ತೆಗೆದದ್ದೇ ತಡ, ಅದು ಯಂತ್ರದ ಕೆಳಗಿಂದ ಎದ್ದು ಬಂದು ತಾನಾಗಿಯೇ ಎದೆ ಒಡ್ಡಿ ನಿಂತಿತು. ಗೂಡುಗಳ ಕಡೆ ನೋಡಿದೆ. ಪೀಚು ನಾಯಿಗಳು ಇನ್ನೂ ಮೂರಿದ್ದವು.

ಈ ಸಲ ಅಳತೆಯನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡೆ.