ಎರಡು ಟಿಕ್

ಕಾರ್ಖಾನೆಯಲ್ಲಿ ಆ ಭಾರಿ ಮೆಷಿನ್‌ಗನ್ನಿಗೆ ಎಲ್ಲರೂ ಇಟ್ಟ ಹೆಸರು ಅತ್ತೆ. ಬಾಯಿ ತೆರೆದರೆ ಮುಚ್ಚುವುದಿಲ್ಲ, ಎದುರು ನಿಂತವರು ಉಳಿಯುವುದಿಲ್ಲ. ಜೋಡಣೆ ವಿಭಾಗದ ಹೆಂಗಸರು ಹೀಗೆ ಹೇಳಿ ನಗುತ್ತಿದ್ದರು. ಅವರಲ್ಲಿ ಹಿರಿಯಳಾಗಿ ಎಲ್ಲರ ಬಾಯಲ್ಲೂ ‘ಅಕ್ಕ’ನಾಗಿದ್ದವಳೂ ನಗುತ್ತಿದ್ದಳು. ಎದುರು ನಿಲ್ಲುವವರು ಯಾರು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಹಳೆಯ ಮಾದರಿಯ ಅತ್ತೆಯ ನಳಿಕೆ ಕಾದು ಕೆಂಪಾದಾಗ ಬೇರೆಯದನ್ನು ಹಾಕುವುದು ನಾಜೂಕಿನ ಕೆಲಸ. ಪೂರ್ತಿ ಬಿಗಿದು, ಆಮೇಲೆ ಟಿಕ್ ಟಿಕ್ ಎಂದು ಎರಡು ಸಲ ಸದ್ದಾಗುವಷ್ಟು ಹಿಂದಕ್ಕೆ ತಿರುಗಿಸಬೇಕು. ಸಡಿಲ ಹೆಚ್ಚಾದರೆ ತೋಟಾ ಒಳಗೇ ಸಿಡಿದು ಹಾರಿಸುವವನ ಮುಖಕ್ಕೇ ಬರುತ್ತದೆ. ಹೊಸ ಮಾದರಿಯಲ್ಲಿ ಆ ರಗಳೆ ಇರಲಿಲ್ಲ. ಬೇಕಾದ ಸಡಿಲವನ್ನು ಕಾರ್ಖಾನೆಯಲ್ಲೇ ಅಕ್ಕ ಕೂರಿಸುತ್ತಿದ್ದಳು. ರಣರಂಗದಲ್ಲಿ ಸೈನಿಕ ನಳಿಕೆಯನ್ನು ತಾನಾಗಿ ನಿಲ್ಲುವವರೆಗೆ ಬಿಗಿದರೆ ಮುಗಿಯಿತು. “ಕೋತಿ ಕೈಗೆ ಕೊಟ್ರೂ ತಪ್ಪಾಗಲ್ಲ” ಎಂದು ಮೇಸ್ತ್ರಿ ಮೆಚ್ಚಿಕೊಂಡಿದ್ದ.

ಅಕ್ಕನ ಒಡಹುಟ್ಟಿದ ತಮ್ಮ ಸೈನ್ಯದಲ್ಲಿ ಅತ್ತೆಯ ಹಿಂದೆ ಕೂರುವವನು. ರಜೆ ಮುಗಿಸಿ ಹೊರಡುವ ಬೆಳಿಗ್ಗೆ ಚಹಾಕ್ಕೆ ಸಕ್ಕರೆ ಹಾಕಿಕೊಂಡು ಬಾಟಲಿಯ ಮುಚ್ಚಳ ಬಿಗಿದ.

“ಹೋದ ತಕ್ಷಣ ನಿಮ್ಮ ಹೊಸ ಅತ್ತೇನ ಕೊಡ್ತಾರಂತೆ. ಹಳೇದಕ್ಕಿಂತ ಬಜಾರೀನಾ?”

“ಹೊಂದ್ಕೊಂಡು ಬಾಳ್ವೆ ಮಾಡು” ಎಂದು ನಕ್ಕವಳ ಕಣ್ಣು ಅವನ ಕೈಯ ಮೇಲೆ ನಿಂತಿತು. ಬಿಗಿದ ಬೆರಳುಗಳು ತಾವಾಗಿಯೇ ಒಂಚೂರು ಹಿಂದಕ್ಕೆ ತಿರುಗಿದ್ದವು.

“ಯಾಕೋ ಸಡಿಲ ಮಾಡ್ದೆ?”

“ಏನನ್ನ?”

ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳಿಗೆ ಮೇಸ್ತ್ರಿಯ ಮಾತು ನೆನಪಾಯಿತು. ಕೋತಿಗೆ ತಪ್ಪಾಗದು. ಹಳೆಯದನ್ನು ಚೆನ್ನಾಗಿ ಕಲಿತವನಿಗೆ ಆಗುತ್ತದೆ.

“ಹೊಸದಕ್ಕೆ ಟಿಕ್ ಇಲ್ಲ ಕಣೋ. ಬಿಗಿ, ಕೈ ತೆಗಿ. ಹಿಂದಕ್ಕೆ ತಿರುಗಿಸಿದ್ರೆ ಸಡಿಲ ಹೆಚ್ಚಾಗುತ್ತೆ.”

“ಗೊತ್ತಕ್ಕಾ, ತರಬೇತೀಲಿ ಹೇಳಿದಾರೆ.”

“ನಿನ್ನ ತಲೆಗೆ ಗೊತ್ತು. ಕೈಗೆ? ಇನ್ನೊಂದ್ಸಲ ಮುಚ್ಚು.”

ಮುಚ್ಚಿದ. ಮತ್ತೆ ಮುಚ್ಚಿಸಿದಳು. ಮತ್ತೆ. ಅವಳು ನೋಡುತ್ತಿರುವಷ್ಟು ಹೊತ್ತೂ ಕೈ ಸರಿಯಾಗಿ ನಿಲ್ಲುತ್ತಿತ್ತು.

“ಬಿಡಕ್ಕಾ, ಗುಂಡು ಹಾರುವಾಗ ನಿನ್ನ ಸಕ್ಕರೆ ಬಾಟ್ಲೀನೇ ನೆನೆಸ್ಕೋತೀನಿ.”

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಅವನು ಗಡಿಬಿಡಿಯಲ್ಲಿ ಚಿಕ್ಕಂದಿನ ಹಾಗೆ ಒಂದು ಚಮಚ ಸಕ್ಕರೆ ಬಾಯಿಗೆ ಸುರಿದುಕೊಂಡು, ಮುಚ್ಚಳ ತಿರುಗಿಸಿ, ಚೀಲ ಹೆಗಲಿಗೇರಿಸಿ ಓಡಿದ. “ಬರ್ತೀನಕ್ಕಾ!”

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದು ಒಳಗೆ ಬಂದಳು. ಬಾಟಲಿಯ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಲೋಟ ತೊಳೆದಳು, ಮೇಜು ಒರೆಸಿದಳು. ಕೊನೆಗೆ ಮುಚ್ಚಳದ ಮೇಲೆ ಕೈಯಿಟ್ಟು, ಬಿಗಿಯುವ ಕಡೆಗೆ ಮೆಲ್ಲಗೆ ತಿರುಗಿಸಿದಳು.

ಅದು ತಿರುಗಿತು.